ಇನ್ನೂ ಇದ್ದಾನಮ್ಮ

ಆಟ ಮುಗಿದು ಫಲಿತಾಂಶ ಊರಿಗೆಲ್ಲ ಗೊತ್ತಾದ ಮೇಲೂ ಅದರ ವೀಕ್ಷಕ ವಿವರಣೆಯನ್ನು ಉಳಿಸಿಕೊಳ್ಳುವುದರಲ್ಲಿ ಏನರ್ಥವಿದೆ? ಹೀಗೆ ಕೇಳಿದವಳು ನನ್ನ ತಂಗಿ. ರಾಜಾಜಿನಗರದ ಪ್ರಕಾಶನಗರದಲ್ಲಿ ನಾವು ದಶಕಗಳ ಕಾಲ ಬಾಡಿಗೆಗಿದ್ದ ಮನೆಯನ್ನು ಬಿಟ್ಟು, ಅಮ್ಮನನ್ನು ಬಸವೇಶ್ವರನಗರದ ನನ್ನ ಮನೆಗೆ ಕರೆತರುವ ಸಂದರ್ಭ ಅದು. ಅಟ್ಟದಿಂದ ಇಳಿಸಿದ ಪೆಟ್ಟಿಗೆಯೊಂದರಲ್ಲಿ ಅಪ್ಪನ ಕೈಬರಹದ ಚೀಟಿ ಅಂಟಿಸಿದ ಕ್ಯಾಸೆಟ್ಟುಗಳಿದ್ದವು. ದೇವರನಾಮ, ಭಾವಗೀತೆ, ಒಂದು ಹರಿಕಥೆ. ಅವುಗಳ ನಡುವೆ ‘ಪಾಕಿಸ್ತಾನ ಟೆಸ್ಟ್, ಕೊನೇ ದಿನ’ ಎಂದು ಬರೆದದ್ದೊಂದು. ಹಾಡುಗಳನ್ನು ಉಳಿಸಿಕೊಳ್ಳುವುದಕ್ಕೆ ತಂಗಿಯ ತಕರಾರಿರಲಿಲ್ಲ. ಹಾಡನ್ನು ಎಷ್ಟು ಸಲ ಬೇಕಾದರೂ ಕೇಳಬಹುದು. ಸೋತು ಮುಗಿದ ಪಂದ್ಯವನ್ನು ಮತ್ತೆ ಕೇಳುವುದೇಕೆ ಎಂಬುದು ಅವಳಿಗೆ ತಿಳಿಯಲಿಲ್ಲ. ಆ ಕ್ಷಣದಲ್ಲಿ ನನಗೂ ಉತ್ತರ ಹೊಳೆಯಲಿಲ್ಲ. ಆದರೆ ಪ್ರಶ್ನೆ ಮನಸ್ಸಿನಿಂದ ಇಳಿಯದೆ ಉಳಿಯಿತು.

ಪಂದ್ಯ ನಡೆದದ್ದು ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, 1987ರ ಮಾರ್ಚ್‌ನಲ್ಲಿ. ಪಾಕಿಸ್ತಾನದ ವಿರುದ್ಧದ ಸರಣಿಯ ಹಿಂದಿನ ನಾಲ್ಕು ಟೆಸ್ಟ್‌ಗಳೂ ಡ್ರಾ ಆಗಿದ್ದವು. ಎಲ್ಲವೂ ಈ ಐದನೆಯದರಲ್ಲಿ ತೀರ್ಮಾನವಾಗಬೇಕಿತ್ತು. ಚೆಂಡು ಮನಬಂದಂತೆ ತಿರುಗುತ್ತಿದ್ದ ಪಿಚ್ಚಿನ ಮೇಲೆ ಪಾಕಿಸ್ತಾನ ಮೊದಲ ಇನ್ನಿಂಗ್ಸಿನಲ್ಲಿ 116ಕ್ಕೆ ಉರುಳಿತು, ಮಣಿಂದರ್ ಸಿಂಗ್ 27 ರನ್ನಿಗೆ 7 ವಿಕೆಟ್ ಪಡೆದರು. ಭಾರತ 145. ಪಾಕಿಸ್ತಾನದ ಎರಡನೆಯ ಇನ್ನಿಂಗ್ಸ್ 249. ಗೆಲ್ಲಲು 221 ಬೇಕಿತ್ತು. ಕೊನೆಯ ದಿನ, ಮಾರ್ಚ್ 17ರ ಮಂಗಳವಾರ, ಸುನಿಲ್ ಗಾವಸ್ಕರ್ ಒಂದು ತುದಿಯಲ್ಲಿ ಬೇರೂರಿ ನಿಂತರು. 96 ರನ್ ಗಳಿಸಿ ಅವರು ಎಂಟನೆಯವರಾಗಿ ಹೊರನಡೆದಾಗ ಸ್ಕೋರು 180. ಕೊನೆಗೆ ಭಾರತ 204ಕ್ಕೆ ಮುಗಿದು, 16 ರನ್ನುಗಳಿಂದ ಸೋತಿತು. ಇಕ್ಬಾಲ್ ಖಾಸಿಂ ಮತ್ತು ತೌಸೀಫ್ ಅಹ್ಮದ್ ಪಂದ್ಯದಲ್ಲಿ ತಲಾ 9 ವಿಕೆಟ್ ಪಡೆದಿದ್ದರು. ಗಾವಸ್ಕರ್ ಅವರ ಕೊನೆಯ ಟೆಸ್ಟ್ ಇನ್ನಿಂಗ್ಸ್ ಅದೇ ಆಯಿತು. ಇಷ್ಟೂ ಸಂಗತಿ ಪುಸ್ತಕಗಳಲ್ಲಿದೆ. ಇದಕ್ಕಾಗಿ ಯಾರೂ ಕ್ಯಾಸೆಟ್ಟಿನ ಮೊರೆಹೋಗಬೇಕಿಲ್ಲ.

ಕ್ಯಾಸೆಟ್ಟಿನಲ್ಲಿ ಇರುವುದು ಬೇರೆ. ಅಪ್ಪ ರಾಜಾಜಿನಗರ ಕೈಗಾರಿಕಾ ವಸಾಹತಿನ ಕಾರ್ಖಾನೆಯೊಂದರಲ್ಲಿ ಪಾಳಿಯ ಮೇಲೆ ದುಡಿಯುತ್ತಿದ್ದವರು. ಆ ವಾರ ಅವರಿಗೆ ಸೆಕೆಂಡ್ ಶಿಫ್ಟ್. ಬೆಳಗಿನ ಆಟ ಮನೆಯಲ್ಲೇ ಕೇಳಬಹುದು, ಮಧ್ಯಾಹ್ನದ ಆಟ ತಪ್ಪುತ್ತದೆ. ಅದಕ್ಕಾಗಿ ಸ್ನೇಹಿತರಿಂದ ಟೇಪ್ ರೆಕಾರ್ಡರ್ ತಂದು ನಮ್ಮ ಹಳೆಯ ಮರ್ಫಿ ರೇಡಿಯೋದ ಎದುರಿಗೆ ಇಟ್ಟಿದ್ದರು. ಇಂದಿನವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ರೇಡಿಯೋ, ಟೇಪು ಎರಡೂ ಒಂದೇ ಪೆಟ್ಟಿಗೆಯಲ್ಲಿರುವ ಟೂ-ಇನ್-ಒನ್‌ನಲ್ಲಿ ಕಾರ್ಯಕ್ರಮ ಒಳಗಿನಿಂದೊಳಗೇ ಮುದ್ರಣವಾಗುತ್ತದೆ. ನಮ್ಮದು ಹಾಗಲ್ಲ. ರೇಡಿಯೋದಿಂದ ಹೊರಬಂದ ದನಿ ಕೋಣೆಯ ಗಾಳಿಯನ್ನು ಹಾದು ರೆಕಾರ್ಡರಿನ ಮೈಕನ್ನು ಸೇರಬೇಕಿತ್ತು. ಆದ್ದರಿಂದ ಇಂಗ್ಲಿಷ್, ಹಿಂದಿಗಳಲ್ಲಿ ಸರದಿಯಂತೆ ಬರುತ್ತಿದ್ದ ಆಕಾಶವಾಣಿಯ ಕಾಮೆಂಟ್ರಿಯ ಜೊತೆಗೆ ನಮ್ಮ ಮನೆಯೂ ಅದರಲ್ಲಿ ಸೇರಿಕೊಂಡಿತು.

ಹಾವನೂರು ವೃತ್ತದ ಹತ್ತಿರ, ಮದುವೆಯ ಹಳೆಯ ವಿಡಿಯೊಗಳನ್ನು ಪೆನ್‌ಡ್ರೈವಿಗೆ ಹಾಕಿಕೊಡುವ ಪುಟ್ಟ ಅಂಗಡಿಯೊಂದಿದೆ. ಅದನ್ನು ನಡೆಸುವ ತರುಣ ಕೆಲಸ ಬಲ್ಲವನು. ಕ್ಯಾಸೆಟ್ಟನ್ನು ನೇರವಾಗಿ ಯಂತ್ರಕ್ಕೆ ತುರುಕದೆ ಮೊದಲು ಬೆಳಕಿಗೆ ಹಿಡಿದು ನೋಡಿದ. ರೀಲನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಒಳಗಿನ ಚಿಕ್ಕ ಸ್ಪಂಜು ಉದುರಿಹೋಗಿತ್ತು. ಐದು ಸಣ್ಣ ತಿರುಪುಗಳನ್ನು ಬಿಚ್ಚಿ, ರೀಲಿನ ಎರಡು ಸುರುಳಿಗಳನ್ನು ಬೆರಳು ಸೋಕದಂತೆ ಎತ್ತಿ, ಒಳ್ಳೆಯ ಸ್ಥಿತಿಯಲ್ಲಿದ್ದ ಇನ್ನೊಂದು ಗೂಡಿಗೆ ಕೂರಿಸಿದ. ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದ. ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಂಟಿನಿಂದ ಹಿಡಿದಿಟ್ಟ ಕಬ್ಬಿಣದ ಆಕ್ಸೈಡಿನ ನಯವಾದ ಪುಡಿಯಲ್ಲಿ ಧ್ವನಿಯೆಲ್ಲ ಅಡಗಿರುತ್ತದೆ. ಆ ಅಂಟು ಸಡಿಲವಾದರೆ ಪುಡಿ ಉದುರುತ್ತದೆ, ಪುಡಿಯ ಜೊತೆ ಮಾತೂ ಉದುರುತ್ತದೆ. ನಮ್ಮದರಲ್ಲಿ ಅಂಟು ಇನ್ನೂ ಹಿಡಿದಿತ್ತು.

ಸ್ವಲ್ಪ ಹೊತ್ತು ಕೇಳಿದ ಮೇಲೆ ಆತ ಹೇಳಿದ: “ಸಾರ್, ಹಿಂದ್ಗಡೆ ಯಾರೋ ಮಾತಾಡ್ತಾ ಇದ್ದಾರೆ, ಕುಕ್ಕರ್ ಬೇರೆ ಕೂಗುತ್ತೆ. ತೆಗೆದುಬಿಡ್ಲಾ? ಕಾಮೆಂಟ್ರಿ ಕ್ಲೀನಾಗಿ ಬರುತ್ತೆ.” ಒಂದು ನಿಮಿಷದ ಭಾಗವನ್ನು ಶುದ್ಧಮಾಡಿ ಕೇಳಿಸಿದ. ಈಗಿನ ತಂತ್ರಾಂಶಗಳ ಶಕ್ತಿ ದೊಡ್ಡದು. ಇಂಗ್ಲಿಷ್ ಮಾತು ಗಾಜಿನಷ್ಟು ತಿಳಿಯಾಗಿ ನಿಂತಿತು, ನಮ್ಮ ಮನೆ ಇಲ್ಲವಾಗಿತ್ತು. ಹಾಗೆಯೇ ಬಿಡಿ, ಏನನ್ನೂ ತೆಗೆಯಬೇಡಿ ಎಂದೆ.

ಹಾಗೆ ಹೇಳಲು ಕಾರಣ ಮೇಲ್ನೋಟಕ್ಕೆ ಸ್ಪಷ್ಟ. ಹಿಂದೆ ಮಾತನಾಡುತ್ತಿದ್ದವರು ನನ್ನ ಅಪ್ಪ. ನಮ್ಮಜ್ಜಿಗೆ ಇಂಗ್ಲಿಷೂ ಬಾರದು, ಹಿಂದಿಯೂ ಬಾರದು. ಆದರೂ ಕ್ರಿಕೆಟ್ಟಿನ ದಿನ ರೇಡಿಯೋದ ಪಕ್ಕದ ಮಣೆ ಬಿಟ್ಟು ಏಳುತ್ತಿರಲಿಲ್ಲ. ಅವರಿಗಾಗಿ ಅಪ್ಪ ಸಣ್ಣ ದನಿಯಲ್ಲಿ ಆಟವನ್ನು ಕನ್ನಡದಲ್ಲಿ ಹೇಳುತ್ತ ಹೋಗಿದ್ದಾರೆ.

“ಇದ್ದಾನೇನೋ ಅವನು?”

“ಇದ್ದಾನಮ್ಮ. ಇನ್ನೂ ಇದ್ದಾನೆ.”

“ಬೆಳಗ್ಗೆಯಿಂದ ನಿಂತೇ ಇದ್ದಾನಲ್ಲೋ. ನೀರಾದರೂ ಕುಡಿದನೇನೋ.”

“ಕುಡಿದ, ಈಗ ತಂದುಕೊಟ್ರು.”

ತೀರಿಹೋದ ತಂದೆಯ ಧ್ವನಿಯನ್ನು ಅಳಿಸಲು ಮಗ ಒಪ್ಪದಿರುವುದು ಸಹಜ. ಆದರೆ ಅದು ಮಮತೆಯ ಮಾತಾಯಿತು, ತಂಗಿಯ ಪ್ರಶ್ನೆಗೆ ಉತ್ತರವಾಗಲಿಲ್ಲ. ಮಮತೆಯೊಂದೇ ಕಾರಣವಾಗಿದ್ದರೆ ಅಪ್ಪ ಮಾತನಾಡುವ ತುಣುಕುಗಳನ್ನಷ್ಟೇ ಕತ್ತರಿಸಿ ಇಟ್ಟುಕೊಳ್ಳಬಹುದಿತ್ತು, ಪಂದ್ಯವನ್ನು ಬಿಟ್ಟುಬಿಡಬಹುದಿತ್ತು. ಮನೆಯಲ್ಲಿ ಹಾಗೆ ಕೇಳಿಯೂ ನೋಡಿದೆ. ಕಾಮೆಂಟ್ರಿ ಇಲ್ಲದೆ ‘ಇನ್ನೂ ಇದ್ದಾನಮ್ಮ’ ಎಂಬ ಮಾತಿಗೆ ಜೀವವೇ ಇರಲಿಲ್ಲ. ಎದುರಿಗೆ ಆಟ ನಡೆಯುತ್ತಿರಬೇಕು, ಅದು ಎತ್ತ ಹೊರಳುತ್ತದೆಂದು ಯಾರಿಗೂ ತಿಳಿದಿರಬಾರದು. ಆ ಮಾತಿನ ಒಳಗಿರುವ ಆಸೆ, ಅಳುಕು ಎರಡೂ ಹುಟ್ಟುವುದು ಆಗ.

ಇಲ್ಲಿಂದ ನನ್ನ ಯೋಚನೆ ಬೇರೆ ದಾರಿ ಹಿಡಿಯಿತು. ಸ್ಕೋರು ಪಟ್ಟಿ ಆಟದ ಫಲಿತಾಂಶವನ್ನು ಕಾಪಾಡುತ್ತದೆ. ಪ್ರಸಾರದ ಧ್ವನಿಮುದ್ರಣ ಕಾಪಾಡುವುದು ಫಲಿತಾಂಶ ಇನ್ನೂ ಹುಟ್ಟದಿದ್ದ ಹೊತ್ತನ್ನು. ನಮಗೆ 204 ಗೊತ್ತು, 16 ಗೊತ್ತು, ಗಾವಸ್ಕರ್ ಮತ್ತೆ ಟೆಸ್ಟ್ ಆಡಲಿಲ್ಲವೆಂಬುದೂ ಗೊತ್ತು. ಕ್ಯಾಸೆಟ್ಟಿನೊಳಗಿರುವ ಅಪ್ಪನಿಗೆ ಇದಾವುದೂ ಗೊತ್ತಿಲ್ಲ. ಗೊತ್ತಿಲ್ಲದವನ ಧ್ವನಿಗೆ ಒಂದು ಬಗೆಯ ತಾರುಣ್ಯವಿರುತ್ತದೆ. ವಯಸ್ಸಾದ ಮೇಲೆ ಅವರೇ ಈ ಪಂದ್ಯದ ಕಥೆಯನ್ನು ನಮಗೆ ಅನೇಕ ಸಲ ಹೇಳಿದ್ದರು. ಆಗೆಲ್ಲ ಸೋಲು ಮೊದಲ ವಾಕ್ಯದಿಂದಲೇ ಅವರ ದನಿಯಲ್ಲಿ ಸೇರಿರುತ್ತಿತ್ತು. ನೆನಪಿಗೆ ಈ ದೌರ್ಬಲ್ಯ ಯಾವಾಗಲೂ ಇದೆ. ಅದು ಕೊನೆಯಿಂದ ಹಿಂದಕ್ಕೆ ನೋಡುತ್ತ ಬರುತ್ತದೆ.

1983ರ ಜೂನ್ 18ರಂದು ಇಂಗ್ಲೆಂಡಿನ ಟನ್‌ಬ್ರಿಜ್ ವೆಲ್ಸ್‌ನಲ್ಲಿ ಕಪಿಲ್ ದೇವ್ ಜಿಂಬಾಬ್ವೆಯ ವಿರುದ್ಧ ಔಟಾಗದೆ 175 ಹೊಡೆದ ಇನ್ನಿಂಗ್ಸನ್ನು ಇದಕ್ಕೆ ಹೋಲಿಸಿ ನೋಡಬಹುದು. 17 ರನ್ನಿಗೆ 5 ವಿಕೆಟ್ ಹೋಗಿದ್ದಾಗ ಅವರ ಜೊತೆಗೂಡಿದವರು ನಮ್ಮ ಬೆಂಗಳೂರಿನ ರೋಜರ್ ಬಿನ್ನಿ. ಕೊನೆಯಲ್ಲಿ ಮುರಿಯದ ಒಂಬತ್ತನೆಯ ವಿಕೆಟ್ಟಿಗೆ 126 ರನ್ ಸೇರಿಸಿ ನಿಂತವರು ನಮ್ಮವರೇ ಆದ ಸೈಯದ್ ಕಿರ್ಮಾನಿ. ಆ ಆಟದ ಟೆಲಿವಿಷನ್ ದೃಶ್ಯ ಇಲ್ಲ. 2021ರಲ್ಲಿ ಕಬೀರ್ ಖಾನ್ ಅವರ ‘83’ ಚಲನಚಿತ್ರ ಅದನ್ನು ಶ್ರದ್ಧೆಯಿಂದ ಮತ್ತೆ ಕಟ್ಟಿತು. ಹೊಡೆತ, ಬಟ್ಟೆ, ಮೈದಾನದ ಅಂಚಿನ ಗಿಡಗಳವರೆಗೂ ಕಾಳಜಿ ಕಂಡಿತು. ಅದನ್ನು ನಾನು ಮೆಚ್ಚಿ ನೋಡಿದವನು. ಆದರೆ ಪರದೆಯ ಮೇಲಿನ ಪ್ರತಿಯೊಬ್ಬನಿಗೂ ಆ ಪಂದ್ಯ ಗೆಲ್ಲುತ್ತೇವೆಂದು, ಆ ವಿಶ್ವಕಪ್ ನಮ್ಮದೆಂದು ಗೊತ್ತಿದೆ. ಎಷ್ಟು ಹಣ, ಎಷ್ಟು ಪ್ರತಿಭೆ ಸುರಿದರೂ ಮರುಸೃಷ್ಟಿಸಲಾಗದ ವಸ್ತು ಒಂದೇ: ಅಂದಿನವರ ಅರಿಯದಿರುವಿಕೆ. ಅದನ್ನು ಅಂದೇ ಹಿಡಿದಿಡಬೇಕು.

ಅಮೆರಿಕದ ಬೇಸ್‌ಬಾಲ್ ಲೋಕದಲ್ಲಿ ಇಂಥ ಎರಡು ಪ್ರಸಂಗಗಳಿವೆ. 1951ರ ಅಕ್ಟೋಬರ್ 3ರಂದು ನ್ಯೂಯಾರ್ಕ್ ಜಯಂಟ್ಸ್ ತಂಡದ ಬಾಬಿ ಥಾಮ್ಸನ್ ಹೊಡೆದ ಒಂದು ಹೋಮ್ ರನ್ನಿನಿಂದ ಬ್ರೂಕ್ಲಿನ್ ಡಾಡ್ಜರ್ಸ್ ಸೋತಿತು. ರೇಡಿಯೋದಲ್ಲಿ ರಸ್ ಹಾಡ್ಜಸ್ ಮೈಮರೆತು ಕೂಗಿದ ವಿವರಣೆ ಆ ದೇಶದ ಕ್ರೀಡಾ ಪ್ರಸಾರದಲ್ಲೇ ಅತಿ ಪ್ರಸಿದ್ಧವಾದದ್ದು. ಅದು ಉಳಿದದ್ದು ಅಭಿಮಾನಿಯೊಬ್ಬನಿಂದ. ಕೆಲಸಕ್ಕೆ ಹೋಗಬೇಕಾಗಿದ್ದ ಆತ ಕೊನೆಯ ಭಾಗವನ್ನು ರೆಕಾರ್ಡ್ ಮಾಡುವಂತೆ ತಾಯಿಗೆ ಹೇಳಿಹೋಗಿದ್ದ. ಇದನ್ನು ಓದಿದಾಗ ನಾನು ಪುಸ್ತಕ ಮಡಚಿ ಸುಮ್ಮನೆ ಕುಳಿತೆ. ನಮ್ಮ ಮನೆಯಲ್ಲಿ ನಡೆದದ್ದೂ ಅದೇ. ಕಾರ್ಖಾನೆಗೆ ಹೊರಡುವ ಅಪ್ಪ ಅಮ್ಮನಿಗೆ ಹೇಳುತ್ತಿರುವುದು ಕ್ಯಾಸೆಟ್ಟಿನಲ್ಲೇ ಇದೆ: “ಈ ಕಡೆ ಮುಗಿದ ಮೇಲೆ ತಿರುಗಿಸಿ ಹಾಕು. ಕೆಂಪು ಬಟನ್ನು, ಪಕ್ಕದ್ದು, ಎರಡೂ ಒಟ್ಟಿಗೆ ಒತ್ತಬೇಕು.” ಬಾಗಿಲ ಸದ್ದು. ಆಮೇಲೆ ಇಂಗ್ಲಿಷ್ ಕಾಮೆಂಟ್ರಿ, ಮತ್ತು ಅದನ್ನು ಕನ್ನಡಕ್ಕೆ ತರುವವರಿಲ್ಲದೆ ಕುಳಿತ ಇಬ್ಬರು ಹೆಂಗಸರು. ಅಜ್ಜಿ ಕೇಳುತ್ತಾರೆ, ಇದ್ದಾನೇನೇ? ಅಮ್ಮ ಹೇಳುತ್ತಾರೆ, “ಇರಬೇಕು ಅತ್ತೆ. ಔಟಾಗಿದ್ರೆ ಜನ ಹೀಗೆ ಸುಮ್ಮನಿರ್ತಿದ್ರಾ?” ಭಾಷೆ ತಿಳಿಯದಿದ್ದರೂ ಜನರ ಮೌನವನ್ನು ಓದಿ ಆಟವನ್ನು ಹಿಂಬಾಲಿಸುತ್ತಿದ್ದಾರೆ ಅಮ್ಮ. ಕ್ರಿಕೆಟ್ ಬಲ್ಲವರ ಎಷ್ಟೋ ಬರಹಗಳನ್ನು ಓದಿದ್ದೇನೆ. ಇಷ್ಟು ಸೂಕ್ಷ್ಮವಾದ ಆಲಿಸುವಿಕೆಯನ್ನು ಹೆಚ್ಚು ಕಂಡಿಲ್ಲ.

ಎರಡನೆಯ ಬದಿಯಲ್ಲಿ ಪಂದ್ಯವಿಲ್ಲ. ಅಮ್ಮ ತಿರುಗಿಸಿ ಹಾಕಿದರು, ಆದರೆ ಕೆಂಪು ಬಟನ್ನು ಒತ್ತಲಿಲ್ಲ. ಹೀಗಾಗಿ ನಮ್ಮ ಕ್ಯಾಸೆಟ್ಟಿನಲ್ಲಿ ಗಾವಸ್ಕರ್ ಔಟಾಗುವುದೇ ಇಲ್ಲ. ಬದಲಿಗೆ ಇರುವುದು ರನ್ನೂ ಬಾರದ, ವಿಕೆಟ್ಟೂ ಬೀಳದ ಓವರುಗಳು. ಮುಂದೆ ಯಾವುದು ಮುಖ್ಯವಾಗುತ್ತದೆಂದು ಮುದ್ರಿಸಿಕೊಳ್ಳುವವನಿಗೆ ತಿಳಿದಿರುವುದಿಲ್ಲ. ಆದ್ದರಿಂದ ಇಂಥ ಮನೆಯ ಮುದ್ರಣಗಳಲ್ಲಿ ಮುಖ್ಯವಲ್ಲದ್ದೇ ಹೆಚ್ಚು ಉಳಿಯುತ್ತದೆ. ಮೊದಮೊದಲು ಇದು ಕೊರತೆಯಂತೆ ಕಂಡಿತು. ಕೇಳುತ್ತ ಕೇಳುತ್ತ, ಬದುಕಿನ ಬಹುಪಾಲು ಹೀಗೆಯೇ ಇರುವಾಗ ಇದಕ್ಕಿಂತ ಸತ್ಯವಾದ ದಾಖಲೆ ಯಾವುದೆಂದು ಅನ್ನಿಸತೊಡಗಿತು.

ಬೇಸ್‌ಬಾಲಿನ ಎರಡನೆಯ ಪ್ರಸಂಗ ಇದಕ್ಕೆ ತೀರ ಎದುರಾದದ್ದು. ಗಾಯಕ, ನಟ ಬಿಂಗ್ ಕ್ರಾಸ್ಬಿ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಒಡೆತನದಲ್ಲಿ ಪಾಲುದಾರ. 1960ರ ವರ್ಲ್ಡ್ ಸೀರೀಸಿನ ನಿರ್ಣಾಯಕ ಪಂದ್ಯವನ್ನು ನೋಡುವ ಧೈರ್ಯವಿಲ್ಲದೆ ಆತ ಪ್ಯಾರಿಸ್‌ಗೆ ಹೋಗಿಬಿಟ್ಟಿದ್ದ. ಗೆದ್ದರೆ ಆಮೇಲೆ ನೋಡೋಣವೆಂದು ಟೆಲಿವಿಷನ್ ಪ್ರಸಾರವನ್ನು ಫಿಲ್ಮಿಗೆ ಹಿಡಿದಿಡುವ ಏರ್ಪಾಟು ಮಾಡಿದ್ದ. ಅಕ್ಟೋಬರ್ 13ರಂದು ಬಿಲ್ ಮ್ಯಾಜೆರೋಸ್ಕಿಯ ಕೊನೆಯ ಹೊಡೆತದಿಂದ ಅವನ ತಂಡ ಯಾಂಕೀಸ್ ವಿರುದ್ಧ 10–9ರಿಂದ ಗೆದ್ದಿತು. ಇಡೀ ಪ್ರಸಾರದ ಪ್ರತಿ ಎಲ್ಲಿಯೂ ಇಲ್ಲವೆಂದೇ ಎಲ್ಲರೂ ನಂಬಿದ್ದಾಗ, 2009ರ ಕೊನೆಯಲ್ಲಿ ಆ ಫಿಲ್ಮಿನ ಸುರುಳಿಗಳು ಅವನ ಮನೆಯ ದ್ರಾಕ್ಷಾರಸದ ನೆಲಮಾಳಿಗೆಯಲ್ಲಿ ಸಿಕ್ಕವು. ತಂಪಾದ, ಒಣ ಜಾಗದಲ್ಲಿದ್ದುದರಿಂದ ಕೆಟ್ಟಿರಲಿಲ್ಲ. ಕ್ರಾಸ್ಬಿಯ ಅಂಜಿಕೆಯಿಂದ ಜಗತ್ತಿಗೆ ಲಾಭವಾಯಿತು. ಆದರೂ ಅವನಿಗೆ ಬೇಕಾಗಿದ್ದದ್ದು ಫಲಿತಾಂಶ ತಿಳಿದ ಮೇಲಿನ ಆಟ. ನಮ್ಮಜ್ಜಿ ಆಟದ ಮುಂದೆಯೇ ಕುಳಿತರು, ತಿಳಿಯದೆಯೂ ಕುಳಿತರು. ಇಬ್ಬರಲ್ಲಿ ನಾನು ಯಾರ ಕಡೆಗೆ ವಾಲುವವನು? ಪ್ರಾಮಾಣಿಕವಾಗಿ ಹೇಳುವುದಾದರೆ, ಮಕ್ಕಳ ಪರೀಕ್ಷೆ, ಆಸ್ಪತ್ರೆಯ ವರದಿ, ನೌಕರಿಯ ಕಾಗದ ಯಾವುದಿದ್ದರೂ ನಡುವಿನ ಕಾಲ ಬೇಗ ಕಳೆದು ಕೊನೆ ಗೊತ್ತಾಗಲಿ ಎಂದೇ ನನ್ನ ಮನಸ್ಸು ಹಂಬಲಿಸುತ್ತದೆ. ಅಜ್ಜಿಯ ಕಾಯುವಿಕೆಗೆ ಒಂದು ಘನತೆಯಿತ್ತು. ಅವರು ಕಾಯುತ್ತಲೇ, ನಿಂತವನು ನೀರು ಕುಡಿದನೇ ಎಂದು ವಿಚಾರಿಸಬಲ್ಲವರಾಗಿದ್ದರು.

ಬೆಂಗಳೂರಿನ ಪಶ್ಚಿಮದ ಬಡಾವಣೆಗಳಲ್ಲಿ ಬೆಳೆದವರಿಗೆಲ್ಲ ಪರಿಚಿತವಾದ ಒಂದು ಮಾತಿದೆ: ‘ಅವತ್ತೇ ಒಂದು ಸೈಟು ತಗೋಬೇಕಿತ್ತು.’ ನಮ್ಮ ಮನೆಯಲ್ಲೂ ಹಬ್ಬ, ನಾಮಕರಣ, ತಿಥಿ ಯಾವುದು ನಡೆದರೂ ಊಟದ ಕೊನೆಗೆ ಈ ಮಾತು ಬರುತ್ತದೆ. ಅಪ್ಪನಿಗೆ ಆ ದಿನಗಳಲ್ಲಿ ಕೆಂಗೇರಿ ಉಪನಗರದ ಕಡೆ ಒಂದು ನಿವೇಶನ ಕೈಗೆಟಕುವ ಬೆಲೆಗೆ ಒದಗಿಬಂದಿತ್ತು. ಅವರು ಬಿಟ್ಟುಕೊಟ್ಟರು. ಅಜ್ಜಿಯ ಕಣ್ಣಿನ ಶಸ್ತ್ರಚಿಕಿತ್ಸೆ, ಅತ್ತೆಯ ಮದುವೆ ಎರಡೂ ಎದುರಿಗಿದ್ದವು. ಈಗ ನೆಂಟರು ಆ ನಿರ್ಧಾರವನ್ನು ಇಂದಿನ ಚದರಡಿ ಬೆಲೆಯಿಂದ ತೂಗುತ್ತಾರೆ. ಆದರೆ ಕೆಂಗೇರಿಗೆ ಮೆಟ್ರೊ ಬಂದದ್ದು 2021ರಲ್ಲಿ. 1980ರ ದಶಕದಲ್ಲಿ ಪಾಳಿಯ ಕೆಲಸ ಮುಗಿಸಿ ರಾತ್ರಿ ಹನ್ನೊಂದಕ್ಕೆ ಮನೆ ಸೇರಬೇಕಾದವನಿಗೆ ಅದು ಮೈಸೂರು ರಸ್ತೆಯ ಮೇಲಿನ ದೂರದ ಊರು. ಆ ನಿರ್ಧಾರದ ಹಿಂದಿನ ಕೋಣೆ, ಆ ಕೋಣೆಯ ಕಾಳಜಿಗಳು ಯಾವ ಕ್ಯಾಸೆಟ್ಟಿನಲ್ಲೂ ಇಲ್ಲ. ಉಳಿದಿರುವುದು ಫಲಿತಾಂಶ ಮಾತ್ರ. ಹಿರಿಯರ ಬದುಕನ್ನು ಸ್ಕೋರು ಪಟ್ಟಿಯಂತೆ ಓದುವುದು ಎಷ್ಟು ಸುಲಭ, ಎಷ್ಟು ಅನ್ಯಾಯ ಎಂಬುದು ನನಗೆ ಆ ಟೆಸ್ಟ್ ಪಂದ್ಯದ ಮುದ್ರಣ ಕೇಳುತ್ತಲೇ ಅರಿವಾದದ್ದು. ಅವರೂ ತಮ್ಮ ಇನ್ನಿಂಗ್ಸನ್ನು ಕೊನೆ ತಿಳಿಯದೆಯೇ ಆಡಿದವರು.

ಹಾಗಾದರೆ ಎಲ್ಲವನ್ನೂ ಉಳಿಸಬೇಕೇ? ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವಂತಿಲ್ಲ. ಮರೆವೂ ಮನುಷ್ಯನಿಗೆ ಬೇಕಾದ ವರ. ಜಾಗಕ್ಕೆ ಮಿತಿಯಿದೆ, ಆಯುಷ್ಯಕ್ಕೆ ಮಿತಿಯಿದೆ. ಟೆಲಿವಿಷನ್ನಿನ ಮೊದಲ ದಶಕಗಳಲ್ಲಿ ವಿಡಿಯೊ ಟೇಪಿನ ಬೆಲೆ ವಿಪರೀತ ಹೆಚ್ಚಾಗಿದ್ದುದರಿಂದ ಬಿಬಿಸಿಯಂಥ ಸಂಸ್ಥೆಗಳೂ ಹಳೆಯದನ್ನು ಅಳಿಸಿ ಅದೇ ಟೇಪನ್ನು ಮತ್ತೆ ಬಳಸಿದವು. ಅಳಿಸಿದವರು ದುಷ್ಟರಲ್ಲ, ಪ್ರಸಾರ ಮುಗಿಯಿತು, ವರದಿ ಪತ್ರಿಕೆಯಲ್ಲಿ ಬಂತು, ಇನ್ನೇಕೆ ಎಂದುಕೊಂಡವರು. ಇಂದಿನ ಸ್ಥಿತಿ ಅದರ ವಿರುದ್ಧ. ಐಪಿಎಲ್ಲಿನ ಪ್ರತಿ ಚೆಂಡೂ ಹತ್ತಾರು ಕ್ಯಾಮೆರಾಗಳಲ್ಲಿ ದಾಖಲಾಗುತ್ತದೆ, ವೀಕ್ಷಕ ವಿವರಣೆ ಈಗ ಕನ್ನಡದಲ್ಲೂ ಕೇಳುತ್ತದೆ. ಅದು ಸಂತೋಷದ ಸಂಗತಿ. ಆದರೂ ನಾವು ಮತ್ತೆ ನೋಡುವುದು ಹೈಲೈಟ್ಸ್ ಮಾತ್ರ. ಹೈಲೈಟ್ಸ್ ಎಂದರೆ ಕೊನೆ ತಿಳಿದವನು ಆರಿಸಿಕೊಟ್ಟ ಆಟ. ಎಲ್ಲವನ್ನೂ ಉಳಿಸಲಾಗದು ಎಂಬುದನ್ನು ಒಪ್ಪಿಯೇ ನಾನು ತಲುಪಿರುವ ನಿಲುವು ಇಷ್ಟು: ಯಾವುದನ್ನು ಉಳಿಸಿದರೂ ಅದರಲ್ಲಿ ಒಂದು ಭಾಗವನ್ನಾದರೂ ಕತ್ತರಿಸದೆ, ಒಪ್ಪಮಾಡದೆ, ಬಂದಂತೆಯೇ ಉಳಿಸಬೇಕು. ಪ್ರಸಾರ ಭಾರತಿಯ ಸಂಗ್ರಹಾಲಯದಿಂದ ಹಳೆಯ ಸಂಗೀತದ ಮುದ್ರಿಕೆಗಳು ಹೊರಬಂದು ರಸಿಕರ ಕೈಸೇರಿವೆ. ಅದೇ ಗೌರವ ಆಟದ ವೀಕ್ಷಕ ವಿವರಣೆಗೂ ಸಲ್ಲಬೇಕು. ಮುಂಬೈ ತಂಡ ಸತತ 15 ವರ್ಷ ಹಿಡಿದಿಟ್ಟಿದ್ದ ರಣಜಿ ಟ್ರೋಫಿಯ ದಾರಿಯನ್ನು 1973–74ರ ಸೆಮಿಫೈನಲ್ಲಿನಲ್ಲಿ ಪ್ರಸನ್ನ ನಾಯಕತ್ವದ ಕರ್ನಾಟಕ ಈ ಬೆಂಗಳೂರಿನಲ್ಲೇ ಮುಚ್ಚಿತು; ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106 ಹೊಡೆದರು. ಆ ಅಂಕಿಗಳು ನಮಗೆ ಬಾಯಿಪಾಠ. ಮುಂಬೈನ ವಾಡೇಕರ್ ಕಾಲು ಜಾರಿ ರನ್ ಔಟಾದ ಕ್ಷಣಕ್ಕೆ ಮುಂಚಿನ ಊರಿನ ಎದೆಬಡಿತ ಯಾರದಾದರೂ ಮನೆಯ ಸುರುಳಿಯೊಂದರಲ್ಲಿ ಉಳಿದಿದ್ದರೆ ಅದು ನಾಡಿನ ಆಸ್ತಿ.

ತಂಗಿಗೆ ಇಷ್ಟನ್ನೂ ಹೇಳಿದೆ. ಅವಳು ಮುದ್ರಣವನ್ನು ಪೂರ್ತಿ ಕೇಳಿ, ಒಂದು ಕಡೆ ನಿಲ್ಲಿಸಿ, ಕಿಟಕಿಯ ಹೊರಗಿನಿಂದ ಬರುವ ದನಿಯೊಂದನ್ನು ತೋರಿಸಿದಳು. ದಾರಿಹೋಕರೊಬ್ಬರು ನಿಂತು ‘ಎಷ್ಟಾಯ್ತು ಸ್ವಾಮಿ?’ ಎನ್ನುತ್ತಾರೆ, ಅಪ್ಪ ಸ್ಕೋರು ಹೇಳುತ್ತಾರೆ. ಆ ದನಿ ಯಾರದೆಂದು ಅಮ್ಮನಿಗೂ ಗುರುತು ಹತ್ತಲಿಲ್ಲ. ಅಜ್ಜಿ ಇದ್ದಿದ್ದರೆ ಹೇಳುತ್ತಿದ್ದರು ಎಂದರು.

ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಅಟ್ಟದ ಮೇಲೂ ಇಂಥ ಕ್ಯಾಸೆಟ್ಟು, ವಿಡಿಯೊ ಟೇಪುಗಳಿರಬಹುದು. ಅವಸರದಲ್ಲಿ ಹಳೆಯ ಯಂತ್ರಕ್ಕೆ ಹಾಕಬೇಡಿ, ರೀಲು ಸಿಕ್ಕಿಕೊಂಡರೆ ಹರಿಯುತ್ತದೆ. ಕ್ಯಾಸೆಟ್ಟಿನ ಬೆನ್ನಿನಲ್ಲಿರುವ ಎರಡು ಪುಟ್ಟ ಪ್ಲಾಸ್ಟಿಕ್ ತುಂಡುಗಳನ್ನು ಮುರಿದುಬಿಡಿ. ಆಮೇಲೆ ಅದರ ಮೇಲೆ ಯಾರೂ ಕೈತಪ್ಪಿ ಬೇರೇನನ್ನೂ ಮುದ್ರಿಸಲಾರರು. ಬಿಸಿಲು, ತೇವ ತಾಗದ ಕಡೆ ನೆಟ್ಟಗೆ ನಿಲ್ಲಿಸಿಡಿ. ಡಿಜಿಟಲ್ ಪ್ರತಿ ಮಾಡಿಸುವಾಗ ಶುದ್ಧಗೊಳಿಸದ ಮೂಲ ಪ್ರತಿಯೊಂದನ್ನು ತಪ್ಪದೆ ಕೇಳಿ ಪಡೆಯಿರಿ. ಆಮೇಲೆ ಮನೆಯ ಹಿರಿಯರನ್ನು ಕೂರಿಸಿಕೊಂಡು ಅದನ್ನು ಕೇಳಿಸಿ. ಯಾವ ದನಿ ಯಾರದೆಂದು ಅವರು ಇರುವಾಗಲೇ ಬರೆದಿಟ್ಟುಕೊಳ್ಳಿ.